ಮೊದಲು ನಿದ್ದೆ, ಆಮೇಲೆ ಸಾಂತ್ವನ

ಯುದ್ಧದಿಂದ ದಣಿದ ಉಕ್ರೇನ್‌ನ ಆಸ್ಪತ್ರೆ ಸಿಬ್ಬಂದಿಗೆ ಕ್ರೈಸ್ತ ಮಿಷನ್‌ಗಳು ನೆರವಾಗುತ್ತಿರುವ ಬಗೆಗಿನ ಲೇಖನ ಚೆನ್ನಾಗಿದೆ. ಆದರೆ ಅರ್ಧಕ್ಕರ್ಧ ಉಡುಗೊರೆ ಪೊಟ್ಟಣ, ಪ್ರಾರ್ಥನೆಗಳ ವಿವರಕ್ಕೇ ಹೋಗಿದೆ. ದಣಿವು ಇಳಿಯುವುದು ಹೊರಗಿನಿಂದ ಬಂದವರು ಪಾಳಿ ಹಂಚಿಕೊಂಡಾಗ.

2022ರ ಮಾರ್ಚ್‌ನಲ್ಲಿ ಅಮೆರಿಕದ ಕ್ರೈಸ್ತ ನೆರವು ಸಂಸ್ಥೆ ಸಮಾರಿಟನ್ಸ್ ಪರ್ಸ್ ಉಕ್ರೇನ್‌ನ ಲ್ವಿವ್ ನಗರದ ಮಾಲ್ ಒಂದರ ನೆಲದಡಿಯ ಪಾರ್ಕಿಂಗ್ ಜಾಗದಲ್ಲಿ ತುರ್ತು ಆಸ್ಪತ್ರೆ ತೆರೆಯಿತು. ಇಂಥ ತುರ್ತು ವೈದ್ಯಕೀಯ ತಂಡಗಳಿಗೆ ವಿಶ್ವ ಆರೋಗ್ಯ ಸಂಸ್ಥೆಯ ಅಳತೆಗೋಲಿದೆ: ‘ಟೈಪ್ 2’ (ಒಳರೋಗಿಗಳಿಗೆ ಶಸ್ತ್ರಚಿಕಿತ್ಸೆ ಮಾಡುವ ದರ್ಜೆ) ಎನಿಸಿಕೊಳ್ಳಲು ಕನಿಷ್ಠ 20 ಹಾಸಿಗೆ, ದಿನಕ್ಕೆ 7 ದೊಡ್ಡ ಅಥವಾ 15 ಸಣ್ಣ ಶಸ್ತ್ರಚಿಕಿತ್ಸೆ ಮಾಡುವ ಸಾಮರ್ಥ್ಯ ಬೇಕು. ಊಟ, ನೀರು, ಕರೆಂಟ್ ಎಲ್ಲವನ್ನೂ ತಂಡವೇ ಹೊಂದಿಸಿಕೊಳ್ಳಬೇಕು. ದುಭಾಷಿಯಿಲ್ಲದೆ ಬಂದರೆ ಸ್ಥಳೀಯ ನರ್ಸೇ ದುಭಾಷಿಯಾಗಿ, ಅವಳ ಕೆಲಸ ಇಮ್ಮಡಿಯಾಗುತ್ತದೆ.

ದಾನದ ಔಷಧಿಯದೂ ಇದೇ ಗೋಳು. ತಲುಪಿದಾಗ ಕನಿಷ್ಠ ಒಂದು ವರ್ಷ ಅವಧಿ ಉಳಿದಿರಬೇಕು, ಲೇಬಲ್ ಅಲ್ಲಿನವರಿಗೆ ಓದಲು ಬರಬೇಕು. ಇಲ್ಲವಾದರೆ ರಾತ್ರಿಪಾಳಿ ಮುಗಿಸಿದವರು ಡಬ್ಬ ವಿಂಗಡಿಸುತ್ತಾ ಕೂರಬೇಕು. ಅಮೆರಿಕದ 120 ವೋಲ್ಟ್ ಯಂತ್ರವನ್ನು ಉಕ್ರೇನ್‌ನ 230 ವೋಲ್ಟ್‌ಗೆ ಬರೀ ಪ್ಲಗ್ ಬದಲಿಸಿ ಹಾಕಿದರೆ ಸುಟ್ಟೇಹೋಗುತ್ತದೆ (ಪ್ಲಗ್ ಅಡಾಪ್ಟರ್ ವೋಲ್ಟೇಜ್ ಇಳಿಸುವುದಿಲ್ಲ!).

ರಾತ್ರಿಪಾಳಿಯಲ್ಲಿ 20 ನಿಮಿಷದ ಕಿರುನಿದ್ದೆಗೆ ಕತ್ತಲ ಕೋಣೆ, ಮಂಚ, ಎಬ್ಬಿಸಲು ಒಬ್ಬರು ಸಾಕು. ಅರ್ಧ ಗಂಟೆ ದಾಟಿದರೆ ಎದ್ದಮೇಲೆ ಮಂಕು ಕವಿಯುತ್ತದೆ. ತಕ್ಷಣ ಇಂಜೆಕ್ಷನ್ ಅಳತೆ ಮಾಡಲು ಬಿಡಬಾರದು.

ಎಲ್ಲರನ್ನೂ ಕೂರಿಸಿ ಕಂಡದ್ದನ್ನೆಲ್ಲ ಹೇಳಿಸುವ ಒಂದೇ ಸಲದ ‘ಡಿಬ್ರೀಫಿಂಗ್’ ಬೇಡ. ಕ್ರೈಸ್ತ ಸಂಸ್ಥೆ ವರ್ಲ್ಡ್ ವಿಷನ್ ಸಹ ಸೇರಿ 2011ರಲ್ಲಿ ಹೊರತಂದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿ ಹೇಳುವುದು ಮೂರೇ: ನೋಡಿ, ಕೇಳಿಸಿಕೊಳ್ಳಿ, ಬೇಕಾದ ನೆರವಿಗೆ ಜೋಡಿಸಿ. ಪ್ರಾರ್ಥನೆ ಸಿಬ್ಬಂದಿಯೇ ಕೇಳಿದರೆ ಮಾತ್ರ, ಅದೂ ಪಾಳಿ ಮುಗಿದ ಮೇಲೆ.