ಟವರ್ ಸಿಗುವ ತಿರುವು

ಲಂಡನ್ನಿನ ಆ ಸೈಕಲ್ ಮಹಾಶಯರನ್ನು ನೀವೂ ನೋಡಿರುತ್ತೀರಿ. ಮೈಕ್ ವಾನ್ ಎರ್ಪ್ ಅಂತ. ಯೂಟ್ಯೂಬಿನಲ್ಲಿ ‘ಸೈಕ್ಲಿಂಗ್ ಮೈಕಿ’. ಕ್ಯಾಮೆರಾ ಸಿಕ್ಕಿಸಿಕೊಂಡು, ಸಾಲುಗಟ್ಟಿ ನಿಂತ ಕಾರುಗಳ ಪಕ್ಕದಲ್ಲಿ ಹಾಯುತ್ತಾ ಒಳಗೆ ಇಣುಕುವುದು ಅವರ ನಿತ್ಯಕರ್ಮ. ಚಾಲಕನ ತೊಡೆಯ ಮೇಲೆ ಫೋನ್ ಬೆಳಗುತ್ತಿದ್ದರೆ ವಿಡಿಯೊ ನೇರ ಪೊಲೀಸರಿಗೆ. ಹೀಗೆ ಸಾವಿರಕ್ಕೂ ಹೆಚ್ಚು ಜನರನ್ನು ಹಿಡಿದುಕೊಟ್ಟಿದ್ದಾರೆ. ಸಿನಿಮಾ ನಿರ್ದೇಶಕ ಗೈ ರಿಚಿ 2020ರಲ್ಲಿ ಆರು ತಿಂಗಳು ಲೈಸೆನ್ಸ್ ಕಳೆದುಕೊಂಡದ್ದು ಇದೇ ಪುಣ್ಯಾತ್ಮರ ಕೃಪೆಯಿಂದ. ಅಲ್ಲಿ ಸಿಕ್ಕಿಬಿದ್ದರೆ ಇನ್ನೂರು ಪೌಂಡ್ ದಂಡ, ಲೈಸೆನ್ಸಿಗೆ ಆರು ಅಂಕದ ಮಸಿ. ಹನ್ನೆರಡು ಅಂಕ ತುಂಬಿದರೆ ಸಾಮಾನ್ಯವಾಗಿ ಬಸ್ಸೇ ಗತಿ.

ವಿಡಿಯೊಗಳ ಕೆಳಗಿನ ಬೈಗುಳ ಓದಿ ನನಗೆ ಬಹಳ ಸಮಾಧಾನವಾಯಿತು. ಫೋನ್ ಹಿಡಿದವನಿಗಿಂತ ಹಿಡಿದುಕೊಟ್ಟವನಿಗೇ ಬೈಗುಳ ಜಾಸ್ತಿ. ನಮ್ಮೂರಿಗೂ ಲಂಡನ್ನಿಗೂ ಅಂಥ ವ್ಯತ್ಯಾಸ ಏನಿಲ್ಲ ನೋಡಿ.

ಕಾನೂನಿನ ವಿಷಯದಲ್ಲೂ ಅವರು ನಮ್ಮ ನೆಂಟರೇ. ಕೈಯಲ್ಲಿ ಫೋನ್ ಹಿಡಿದು ಗಾಡಿ ಓಡಿಸಬಾರದು ಅಂತ ಅವರು ನಿಯಮ ಮಾಡಿದ್ದು 2003ರ ಡಿಸೆಂಬರಿನಲ್ಲಿ. ಆಗಿನ ಫೋನು ಮಾತಾಡಲಿಕ್ಕೆ, ಹೆಚ್ಚೆಂದರೆ ಹಾವಿನ ಆಟ ಆಡಲಿಕ್ಕೆ. 2017ರಲ್ಲಿ ಒಬ್ಬಾತ ರಸ್ತೆ ಅಪಘಾತವೊಂದರ ವಿಡಿಯೊ ಮಾಡುತ್ತಾ ಕಾರು ಓಡಿಸಿ ಸಿಕ್ಕಿಬಿದ್ದ. 2019ರಲ್ಲಿ ಹೈಕೋರ್ಟು ಬಿಟ್ಟಿತು. ಯಾಕೆ? ಕಾನೂನಿನಲ್ಲಿ ಇದ್ದದ್ದು ಫೋನಿನಲ್ಲಿ ಇನ್ನೊಬ್ಬರ ಜೊತೆ ಸಂಪರ್ಕ ಮಾಡಬಾರದು ಅಂತ. ವಿಡಿಯೊ ತೆಗೆಯುವವನು ಯಾರ ಸಂಪರ್ಕದಲ್ಲೂ ಇಲ್ಲವಲ್ಲ, ರಸ್ತೆಯ ಸಂಪರ್ಕದಲ್ಲಿ ಕೂಡ. ಈ ತೂತು ಮುಚ್ಚಲಿಕ್ಕೆ 2022ರ ಮಾರ್ಚ್ ಬರಬೇಕಾಯಿತು. ಅಂಥ ವಕೀಲರು ಚಿಕ್ಕಮಗಳೂರಿಗೆ ಬಂದರೆ ಐ.ಜಿ. ರಸ್ತೆಯಲ್ಲಿ ಮೂರಂತಸ್ತಿನ ಮನೆ ಕಟ್ಟಬಹುದು.

ನಾನು ನಿವೃತ್ತ ಕನ್ನಡ ಮೇಷ್ಟ್ರು. ಶುಗರ್ ಬಂದ ಮೇಲೆ ಡಾಕ್ಟರು ‘ನಡೀರಿ ಇಲ್ಲಾ ಸೈಕಲ್ ತುಳೀರಿ’ ಅಂದರು. ನಡೆದರೆ ಬೀದಿನಾಯಿಗಳು ಬಿಡುವುದಿಲ್ಲ, ಹಾಗಾಗಿ ಸೈಕಲ್. ಬೆಳಿಗ್ಗೆ ಆರಕ್ಕೆ ಹೊರಟು ಆಲ್ದೂರು ರಸ್ತೆಯಲ್ಲಿ ಒಂದಿಷ್ಟು ದೂರ ಹೋಗಿ ಬರುತ್ತೇನೆ. ಮೈಕಿಯ ವಿಡಿಯೊ ನೋಡಿದ ರಾತ್ರಿ ನನಗೂ ಸ್ವಲ್ಪ ಆವೇಶ ಬಂದದ್ದು ನಿಜ. ಹನುಮಂತಪ್ಪ ವೃತ್ತದಲ್ಲಿ ಒಂದು ಕಾರಿನ ಗಾಜು ತಟ್ಟಿದಂತೆ, ಗಾಜು ಇಳಿದಂತೆ, ನಾನು ಗಂಭೀರವಾಗಿ ‘ತಾವು ಮೊಬೈಲು ಬಳಸುತ್ತಿದ್ದೀರಿ’ ಅಂದಂತೆ ಕನಸು. ಒಳಗಿದ್ದವನು ‘ನೀವು ಯಾರ ಕಡೆಯವ್ರು?’ ಅಂದ. ಎಚ್ಚರವಾಯಿತು.

ಮುಖ್ಯ ಪ್ರಶ್ನೆ ಅದೇ. ಲಂಡನ್ನಿನಲ್ಲಿ ಕಾರಿನೊಳಗೆ ಒಬ್ಬ ಚಾಲಕ ಇರುತ್ತಾನೆ. ನಮ್ಮಲ್ಲಿ ಯಾರದೋ ಭಾವ ಇರುತ್ತಾನೆ, ಯಾರದೋ ಬೀಗರು, ಸೊಸೈಟಿ ಡೈರೆಕ್ಟರು, ಹೋದ ವರ್ಷ ನಿಮ್ಮ ಮಗಳ ಮದುವೆಗೆ ಬಂದು ಐನೂರು ಮುಯ್ಯಿ ಓದಿಸಿದವರು. ವಿಡಿಯೊ ಕಳಿಸಿದ ಸಂಜೆಗೆ ಅವರ ಹೆಂಡತಿಯಿಂದ ನಿಮ್ಮ ಹೆಂಡತಿಗೆ ಫೋನು ಬರುತ್ತದೆ. ಅದನ್ನು ಅವರು ಮನೆಯಲ್ಲಿ ಕೂತೇ ಮಾಡುತ್ತಾರೆ, ಆ ಮಟ್ಟಿಗೆ ಕಾನೂನು ಪಾಲನೆ ಆಗುತ್ತದೆ.

ನಮ್ಮ ಕಡೆಯ ಇನ್ನೊಂದು ವಿಶೇಷ ಲಂಡನ್ನಿನವರಿಗೆ ಅರ್ಥವಾಗುವುದಿಲ್ಲ. ಅಲ್ಲಿ ಫೋನು ಎಲ್ಲ ಕಡೆ ಕೆಲಸ ಮಾಡುತ್ತದೆ. ಇಲ್ಲಿ ಟವರ್ ಸಿಗುವ ಜಾಗ ಬೇರೆಯೇ ಇರುತ್ತದೆ. ಮನೆಯಲ್ಲಿ ಅಟ್ಟದ ಕಿಟಕಿ, ತೋಟದಲ್ಲಿ ಹಲಸಿನ ಮರದ ಬುಡ, ರಸ್ತೆಯಲ್ಲಾದರೆ ತಿರುವು. ಗುಡ್ಡದ ಮೈಯಲ್ಲಿ ರಸ್ತೆ ಬಳಸಿಕೊಂಡು ಹೋಗುತ್ತಾ ಒಂದು ಕಡೆ ಫಕ್ಕನೆ ತಿರುಗುತ್ತದಲ್ಲ, ಅಲ್ಲಿ ಕಣಿವೆ ಬಿಚ್ಚಿಕೊಳ್ಳುತ್ತದೆ. ಕಣಿವೆಯಾಚೆ ಇರುವ ಟವರಿಗೂ ಇಲ್ಲಿಯ ಫೋನಿಗೂ ನಡುವೆ ಅಡ್ಡ ಏನೂ ಇರುವುದಿಲ್ಲ. ಕಾಲು ಗಂಟೆಯಿಂದ ಸತ್ತು ಮಲಗಿದ್ದ ಫೋನು ಅಲ್ಲಿ ಎದ್ದು ಕೂತು ಟಿಣ್ ಟಿಣ್ ಅನ್ನಲಿಕ್ಕೆ ಶುರು. ಎಡಗಡೆ ಧರೆ, ಬಲಗಡೆ ಪ್ರಪಾತ, ಎದುರಿನಿಂದ ಸಿಲ್ವರ್ ಮರ ತುಂಬಿದ ಲಾರಿ, ಕೈಯಲ್ಲಿ ಹನ್ನೊಂದು ಮಿಸ್ಡ್ ಕಾಲ್. ಯಾವ ಮನುಷ್ಯ ತಡೆದುಕೊಂಡಾನು? ಇಲಾಖೆಯವರು ‘ಅಪಾಯಕಾರಿ ತಿರುವು’ ಅಂತ ಬೋರ್ಡು ನೆಟ್ಟ ಜಾಗದಲ್ಲೇ ನಮ್ಮವರು ಗಾಡಿ ನಿಧಾನ ಮಾಡಿ ‘ಹಲೋ, ಹಲೋ, ಈಗ ಕೇಳಿಸ್ತಾ?’ ಅಂತ ಕೂಗುತ್ತಾರೆ. ಬೋರ್ಡನ್ನು ಬದಲಿಸಿ ‘ಮುಂದೆ ಟವರ್ ಸಿಗುತ್ತದೆ, ನಿಧಾನವಾಗಿ ಚಲಿಸಿ’ ಅಂತ ಬರೆಸಿದರೆ ಹೆಚ್ಚು ಪ್ರಾಮಾಣಿಕ.

ಅಷ್ಟು ಕಷ್ಟಪಟ್ಟು ಮಾತಾಡುವುದಾದರೂ ಏನು? ಸೈಕಲ್ ಸವಾರನಿಗೆ ಎಲ್ಲ ಕೇಳಿಸುತ್ತದೆ, ನಮಗೆ ಎಂಜಿನ್ ಇಲ್ಲವಲ್ಲ. ‘ನಿಮ್ ಕಡೆ ಎಷ್ಟು ಸೆಂಟ್ಸ್ ಬಿತ್ತು?’ ‘ನಲವತ್ತು ಬಿತ್ತು ಮಾರಾಯ, ಹೂವಿಗೆ ಸಾಲದು.’ ‘ಚೆರಿಗೆ ಎಷ್ಟಂತೆ ಮೂಟೆಗೆ?’ ಸೆಂಟ್ಸ್ ಅಂದರೆ ಮಳೆಯ ಅಳತೆ, ಇಂಚಿನ ನೂರನೇ ಒಂದು ಪಾಲು; ಚೆರಿ ಅಂದರೆ ಒಣಗಿಸಿದ ಕಾಫಿ ಹಣ್ಣು. ಇವು ಗಂಭೀರ ಮಾತುಕತೆ, ಒಪ್ಪೋಣ. ಕಾಫಿ ಗಿಡದಲ್ಲಿ ಹೂವು ಅರಳಿಸುವ ಹೂಮಳೆ ಕೈಕೊಟ್ಟರೆ ವರ್ಷದ ಫಸಲೇ ಕೈಕೊಟ್ಟಂತೆ. ಉಳಿದದ್ದೆಲ್ಲ ಒಂದೇ ಮಾತು. ‘ಎಲ್ಲಿದೀಯ?’ ‘ಬರ್ತಾ ಇದೀನಿ.’ ಬರುತ್ತಾ ಇದ್ದೇನೆ ಅಂತ ಹೇಳಲಿಕ್ಕೆ ಬರುವವನ ಪ್ರಾಣ, ಎದುರಿಗೆ ಬರುವವನ ಪ್ರಾಣ ಎರಡನ್ನೂ ಪಣಕ್ಕಿಡುವುದು. ಆ ‘ಬರ್ತಾ ಇದೀನಿ’ ಕೂಡ ಅರ್ಧ ಸುಳ್ಳು. ಮೂಡಿಗೆರೆಯಲ್ಲಿ ಇದ್ದುಕೊಂಡು ‘ಆಲ್ದೂರು ದಾಟ್ದೆ’ ಅನ್ನುತ್ತಾನೆ.

ಬೈಕಿನವರ ಕಲೆಯನ್ನು ಇಲ್ಲಿ ಹೊಗಳದೆ ಇದ್ದರೆ ಅಪಚಾರ. ಹೆಲ್ಮೆಟ್ ಇರುವುದು ತಲೆ ಉಳಿಸಲಿಕ್ಕೆ ಅಂತ ಸರ್ಕಾರ ತಿಳಿದುಕೊಂಡಿದೆ, ಅದು ಫೋನ್ ಸಿಕ್ಕಿಸುವ ಸ್ಟ್ಯಾಂಡು ಅಂತ ಜನರಿಗೆ ಎಂದೋ ಗೊತ್ತಾಗಿದೆ. ಹೆಲ್ಮೆಟ್ ಇಲ್ಲದವರು ಹೆಗಲು ಎತ್ತಿ, ಕತ್ತು ಬಗ್ಗಿಸಿ, ಸೊಂಟ ಒಂದು ಕಡೆ ಕೊಂಕಿಸಿ ಫೋನನ್ನು ಕಿವಿಗೆ ಒತ್ತಿ ಹಿಡಿಯುತ್ತಾರೆ. ಈ ಭಂಗಿ ಎಲ್ಲೋ ನೋಡಿದ ಹಾಗಿದೆಯಲ್ಲ ಅಂತ ಬಹಳ ದಿನ ತಲೆ ಕೆರೆದುಕೊಂಡೆ. ಬೇಲೂರು! ಚೆನ್ನಕೇಶವ ಗುಡಿಯ ಶಿಲಾಬಾಲಿಕೆಯರ ತ್ರಿಭಂಗಿ. ವಿಷ್ಣುವರ್ಧನ ಆ ಗುಡಿಯಲ್ಲಿ ದೇವರನ್ನು ಪ್ರತಿಷ್ಠಾಪಿಸಿದ್ದು 1117ರಲ್ಲಿ. ಅಲ್ಲಿಯ ದರ್ಪಣಸುಂದರಿ ಅಂದಿನಿಂದ ಇಂದಿನವರೆಗೆ ಕೈಯಲ್ಲಿ ಕನ್ನಡಿ ಎತ್ತಿ ಹಿಡಿದು ತನ್ನನ್ನು ತಾನೇ ನೋಡಿಕೊಳ್ಳುತ್ತಾ ನಿಂತಿದ್ದಾಳೆ. ಒಂಬೈನೂರು ವರ್ಷ ಆಯಿತು, ಒಬ್ಬರಿಗೂ ಗುದ್ದಿಲ್ಲ. ಕಾರಣ ಸರಳ. ನಿಂತಿದ್ದಾಳೆ.

ಶನಿವಾರ ಭಾನುವಾರ ಮುಳ್ಳಯ್ಯನಗಿರಿಗೆ ಬರುವವರ ಬಗ್ಗೆ ಬರೆದರೆ ಪ್ರವಾಸೋದ್ಯಮಕ್ಕೆ ಧಕ್ಕೆ ಅಂತಾರೆ, ಬಿಡಿ. 1930 ಮೀಟರ್ ಎತ್ತರದ ಬೆಟ್ಟ ಏರಿದ್ದಕ್ಕೆ ಸಾಕ್ಷಿ ಬೇಡವೇ? ಒಂದು ಕೈ ಸ್ಟೇರಿಂಗಿಗೆ, ಇನ್ನೊಂದು ಕೈ ಕಿಟಕಿಯಾಚೆಯ ಮಂಜಿಗೆ.

ಈಗ ದಂಡಸಂಹಿತೆಗೆ ಬರೋಣ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಆಯಿತಲ್ಲ, ಆಗ ಕಲಂ 184ರಲ್ಲಿ, ಅಂದರೆ ಅಪಾಯಕಾರಿ ಚಾಲನೆಯ ಕಲಮಿನಲ್ಲಿ, ಕೈಯಲ್ಲಿ ಫೋನ್ ಹಿಡಿದು ಓಡಿಸುವುದನ್ನೂ ಹೆಸರಿಟ್ಟು ಸೇರಿಸಿದರು. ಆರು ತಿಂಗಳಿಂದ ಒಂದು ವರ್ಷದ ಸೆರೆವಾಸ, ಇಲ್ಲವೇ ಸಾವಿರದಿಂದ ಐದು ಸಾವಿರದ ದಂಡ, ಇಲ್ಲವೇ ಎರಡೂ. ಓದಿದರೆ ಮೈ ನಡುಗುತ್ತದೆ. ಫೋನಿಗಾಗಿ ಜೈಲಿಗೆ ಹೋಗಿ ಬಂದವರನ್ನು ನಮ್ಮ ಜಿಲ್ಲೆಯಲ್ಲಿ ನಾನಂತೂ ಕಂಡಿಲ್ಲ. ಮರುವರ್ಷ, 2020ರ ಅಕ್ಟೋಬರ್ ಒಂದರಿಂದ, ದಾರಿ ನೋಡಲಿಕ್ಕೆ ಮಾತ್ರ ಫೋನ್ ಬಳಸಬಹುದು, ಗಮನ ಕೆಡಬಾರದು ಅಂತ ನಿಯಮ ಬಂತು. ಅಂದಿನಿಂದ ನಮ್ಮ ನಾಡಿನ ಸಮಸ್ತ ಚಾಲಕರಿಗೆ ದಾರಿ ತಪ್ಪಿಹೋಗಿದೆ. ನಲವತ್ತು ವರ್ಷದಿಂದ ಮನೆಯಿಂದ ತೋಟಕ್ಕೆ, ತೋಟದಿಂದ ಮನೆಗೆ ಓಡಾಡುತ್ತಿರುವ ಯಜಮಾನರೂ ಪೊಲೀಸರು ಕೈ ಅಡ್ಡ ಹಾಕಿದರೆ ‘ಮ್ಯಾಪ್ ನೋಡ್ತಿದ್ದೆ ಸಾರ್’ ಅನ್ನುತ್ತಾರೆ.

ಹಾಗೂ ಹೀಗೂ ದಂಡ ಬಿತ್ತು ಅಂತಿಟ್ಟುಕೊಳ್ಳಿ. ಬುದ್ಧಿವಂತರು ಕಟ್ಟುವುದಿಲ್ಲ, ಕಾಯುತ್ತಾರೆ. 2023ರ ಫೆಬ್ರವರಿಯಲ್ಲಿ ಸರ್ಕಾರವೇ ಕರೆದು ಬಾಕಿ ದಂಡಕ್ಕೆ ಅರ್ಧಕ್ಕರ್ಧ ರಿಯಾಯಿತಿ ಕೊಟ್ಟಿತು. 2025ರಲ್ಲಿ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ಮತ್ತೆ ಅರ್ಧ ಬೆಲೆ. ಆಷಾಢದಲ್ಲಿ ಸೀರೆ ಅಂಗಡಿಯವರು ಮಾಡುವುದನ್ನು ಇವರು ಗೌರಿ ಹಬ್ಬಕ್ಕೆ ಮಾಡಿದರು ಅಷ್ಟೇ. ಜನ ಸಾಲು ನಿಂತು ಕಟ್ಟಿದರು, ಮುಖದಲ್ಲಿ ಪಶ್ಚಾತ್ತಾಪ ಅಲ್ಲ, ವ್ಯಾಪಾರ ಗಿಟ್ಟಿದ ಕಳೆ. ಯಾವ ತಪ್ಪೂ ಮಾಡದೆ ಸುಮ್ಮನಿದ್ದ ನಾವು ಮೂರ್ಖರು, ರಿಯಾಯಿತಿ ಎಲ್ಲ ವ್ಯರ್ಥವಾಗಿ ಹೋಯಿತು.

ದೆಹಲಿಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ. ಅಲ್ಲಿಯ ಪೊಲೀಸರ ‘ಟ್ರಾಫಿಕ್ ಪ್ರಹರಿ’ ಆ್ಯಪಿನಲ್ಲಿ ನಿಯಮ ಮುರಿದವರ ಫೋಟೊ ಹಾಕಿದರೆ ತಿಂಗಳಿಗೊಮ್ಮೆ ಬಹುಮಾನ, ಮೊದಲನೆಯದು ಐವತ್ತು ಸಾವಿರ. ಇದು ಚಿಕ್ಕಮಗಳೂರಿಗೆ ಬಂದರೆ ಏನಾಗಬಹುದು ಅಂತ ಯೋಚಿಸಿದ್ದೇನೆ. ಎಂ.ಜಿ. ರಸ್ತೆಯ ತುಂಬ ಎಲ್ಲರೂ ಒಂದು ಕೈಯಲ್ಲಿ ಗಾಡಿ ಓಡಿಸುತ್ತಾ ಇನ್ನೊಂದು ಕೈಯಲ್ಲಿ ಒಬ್ಬರನ್ನೊಬ್ಬರು ಫೋಟೊ ಹೊಡೆಯುತ್ತಾ ಹೋಗುತ್ತಾರೆ.

ನಗುವುದು ಸಾಕು. ದಿನಾ ಬೆಳಿಗ್ಗೆ ಪೇಪರಿನಲ್ಲಿ ಒಂದು ವಾಕ್ಯ ಓದುತ್ತೇನೆ. ‘ಚಾಲಕನ ನಿಯಂತ್ರಣ ತಪ್ಪಿದ ಕಾರು ಡಿಕ್ಕಿ ಹೊಡೆದ ಪರಿಣಾಮ ಸೈಕಲ್ ಸವಾರ ಸ್ಥಳದಲ್ಲೇ ಮೃತಪಟ್ಟಿದ್ದಾನೆ.’ ಮೂವತ್ತನಾಲ್ಕು ವರ್ಷ ವ್ಯಾಕರಣ ಹೇಳಿಕೊಟ್ಟವನು ನಾನು. ಈ ವಾಕ್ಯದಲ್ಲಿ ಡಿಕ್ಕಿ ಹೊಡೆದ ಕರ್ತೃ ಯಾರು? ಕಾರು. ತಪ್ಪಿದ್ದು ಏನು? ನಿಯಂತ್ರಣ. ಅದು ತಾನಾಗಿ ತಪ್ಪಿಸಿಕೊಂಡು ಹೋಯಿತು, ಕೊಟ್ಟಿಗೆಯಿಂದ ಕರು ತಪ್ಪಿಸಿಕೊಂಡ ಹಾಗೆ. ಚಾಲಕ ಷಷ್ಠಿ ವಿಭಕ್ತಿಯಲ್ಲಿ ಅವಿತು ಕೂತಿದ್ದಾನೆ. ಅವನ ಫೋನಂತೂ ಯಾವ ವಿಭಕ್ತಿಯಲ್ಲೂ ಇಲ್ಲ. ಇದಕ್ಕಿಂತ ಹೇಸಿಗೆ ಇನ್ನೊಂದಿದೆ, ‘ಅಪರಿಚಿತ ವಾಹನ ಡಿಕ್ಕಿ’. ಎಲ್ಲಿಯ ಅಪರಿಚಿತ? ಈ ಊರಿನಲ್ಲಿ ದೂರದಿಂದ ಬರುವ ಜೀಪಿನ ಸದ್ದು ಕೇಳಿಯೇ ಯಾವ ಎಸ್ಟೇಟಿನದು, ಎಷ್ಟು ಕೈ ಬದಲಾಗಿ ಬಂದದ್ದು ಅಂತ ಹೇಳುತ್ತಾರೆ. ಸತ್ತವನು ಹಾಲಿನ ಕ್ಯಾನು ಕಟ್ಟಿಕೊಂಡು ಹೊರಟವನೋ, ಪೇಪರು ಹಾಕುವ ಹುಡುಗನೋ ಆದರೆ ಮಾತ್ರ ಇಡೀ ಊರಿಗೆ ಮರೆವಿನ ರೋಗ ಬಡಿಯುತ್ತದೆ. ಮೈಕಿಯ ಅಪ್ಪನನ್ನು ಜಿಂಬಾಬ್ವೆಯಲ್ಲಿ ಕುಡಿದ ಚಾಲಕನೊಬ್ಬ ಕೊಂದನಂತೆ, ಮೈಕಿಗೆ ಆಗ ಹತ್ತೊಂಬತ್ತು. ಅವರು ಕಾರಿನೊಳಗೆ ಇಣುಕುವುದು ಅದಕ್ಕೆ. ಚಾಡಿಕೋರ ಅಂತ ಬೈಯುವವರ ಅಪ್ಪಂದಿರು ಇನ್ನೂ ಇದ್ದಾರೆ, ನೂರ್ಕಾಲ ಇರಲಿ.

ಹೋದ ತಿಂಗಳು ನಾನೂ ಬಿದ್ದೆ. ಬೆಳಿಗ್ಗೆ ಆರೂವರೆ, ಸಣ್ಣ ಮಂಜು. ಅದೇ ತಿರುವು, ನಿಮಗೀಗ ಗೊತ್ತಾಗಿರಬೇಕು ಎಂಥ ತಿರುವು ಅಂತ. ಹಿಂದಿನಿಂದ ಬಂದ ಪಿಕಪ್ಪು ಹ್ಯಾಂಡಲ್ಲಿಗೆ ಸವರಿಕೊಂಡು ಹೋಯಿತು. ನಾನು ಚರಂಡಿಯಲ್ಲಿ, ಸೈಕಲ್ ನನ್ನ ಮೇಲೆ. ಗಾಡಿ ಮುಂದೆ ಹೋಗಿ ನಿಂತಿತು. ನಿಂತದ್ದೇ ದೊಡ್ಡದು. ಇಳಿದು ಬಂದವನ ಕಿವಿಯಲ್ಲಿ ಫೋನು ಹಾಗೇ ಇತ್ತು. ನನ್ನ ಕಡೆ ಒಂದು ಬೆರಳೆತ್ತಿ ‘ಒಂದ್ನಿಮಿಷ’ ಅಂತ ಸನ್ನೆ ಮಾಡಿದ. ಆಮೇಲೆ ಮುಖ ನೋಡಿ, ‘ಅಯ್ಯೋ, ಮೇಷ್ಟ್ರೆ! ನೀವಾ!’

ನನ್ನ ಶಿಷ್ಯ. ಎಂಟನೇ ಕ್ಲಾಸಿನಲ್ಲಿ ಮೂರನೇ ಬೆಂಚು.

ಫೋನಿಗೆ ಹೇಳಿದ: ‘ಏನಿಲ್ಲ ಕಣೆ, ನಮ್ ಕನ್ನಡ ಮೇಷ್ಟ್ರು. ಸೈಕಲ್ಲಿಂದ ಬಿದ್ಬಿಟ್ಟಿದಾರೆ. ನೀನ್ ಹೇಳು.’

ಬೀಳಿಸಿದೆ ಅಲ್ಲ, ಬಿದ್ದುಬಿಟ್ಟಿದ್ದಾರೆ. ನಾನು ಕಲಿಸಿದ ಕನ್ನಡ.

ಒಳ್ಳೆಯ ಹುಡುಗ, ಹೇಳಬೇಕಾದ ಮಾತು. ಕೈ ಹಿಡಿದು ಎತ್ತಿದ, ಪ್ಯಾಂಟಿನ ಕೆಸರು ಒರೆಸಿದ, ಸೈಕಲ್ಲನ್ನು ಪಿಕಪ್ಪಿನ ಹಿಂದೆ ಹಾಕಿಕೊಂಡು ಮನೆಯವರೆಗೆ ಬಿಟ್ಟ. ದಾರಿಯಲ್ಲಿ ಎರಡು ಸಲ ಫೋನು ಬಂತು, ಎರಡೂ ಸಲ ಮಾತಾಡಿದ. ನಾನು ಬಾಗಿಲಿನ ಹಿಡಿಯನ್ನು ಗಟ್ಟಿಯಾಗಿ ಹಿಡಿದು ಕೂತಿದ್ದೆ, ಒಂದು ಮಾತೂ ಆಡಲಿಲ್ಲ. ನನ್ನವಳು ಕಾಫಿ ಕೊಟ್ಟಳು. ಹೊರಡುವಾಗ ಕಾಲಿಗೆ ನಮಸ್ಕಾರ ಮಾಡಿ, ನನ್ನ ಫೋನು ಇಸಿದುಕೊಂಡು ತನ್ನ ನಂಬರು ತಾನೇ ಒತ್ತಿ ಸೇವ್ ಮಾಡಿಕೊಟ್ಟ.

‘ಏನ್ ಬೇಕಾದ್ರೂ ಒಂದು ಕಾಲ್ ಮಾಡಿ ಮೇಷ್ಟ್ರೆ, ಯಾವಾಗ ಮಾಡಿದ್ರೂ ಎತ್ತುತ್ತೀನಿ. ಡ್ರೈವಿಂಗಲ್ಲಿದ್ರೂ ಸೈತ.’