ಸತ್ಯಾಂಶ: ರಾಕೇಶ್ ಶರ್ಮಾ ಚಂದ್ರನಿಗೆ ಹೋಗಿದ್ರಾ?

ಕಾಫಿ ಕಣದಲ್ಲಿ ಕೂತು ಮೊಬೈಲ್ ನೋಡಿದರೆ ನಮ್ಮ ಮಡಿಕೇರಿ ಗ್ರೂಪಿನಲ್ಲಿ ಮತ್ತೆ ಅದೇ ಫಾರ್ವರ್ಡ್: ‘ಚಂದ್ರನ ಮೇಲೆ ಕಾಲಿಟ್ಟ ಮೊದಲ ಭಾರತೀಯ ರಾಕೇಶ್ ಶರ್ಮಾ.’

ಇದು ತಪ್ಪು. ಚಂದ್ರನ ಮೇಲೆ ನಡೆದವರು 12 ಜನ, ಎಲ್ಲರೂ ಅಮೆರಿಕದವರು. ಶರ್ಮಾ 1984ರ ಏಪ್ರಿಲ್ 3ರಂದು ಸೋಯುಜ್ ಟಿ-11 ನೌಕೆಯಲ್ಲಿ ಹೊರಟು, ಸೋವಿಯತ್ತರ ಸಲ್ಯೂಟ್-7 ಬಾಹ್ಯಾಕಾಶ ನಿಲ್ದಾಣಕ್ಕೆ ಹೋಗಿ, ಸುಮಾರು ಎಂಟು ದಿನದಲ್ಲಿ ವಾಪಸ್ ಬಂದರು. ನಿಲ್ದಾಣ ಇದ್ದದ್ದು ಕೆಲವು ನೂರು ಕಿ.ಮೀ. ಎತ್ತರದಲ್ಲಿ. ಇಲ್ಲಿಂದ ಬೆಂಗಳೂರಿಗೆ ಬಸ್ಸಲ್ಲಿ ಹೋಗೋ ದೂರಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ! ಚಂದ್ರ ಇರುವುದು ಸುಮಾರು 3,84,000 ಕಿ.ಮೀ. ದೂರದಲ್ಲಿ.

ಆ ಫಾರ್ವರ್ಡಿನಲ್ಲಿ ಹೇಳದೆ ಬಿಟ್ಟ ಸಂಗತಿಯೇ ನನಗೆ ಜಾಸ್ತಿ ಇಷ್ಟ. ಶರ್ಮಾ 1971ರ ಯುದ್ಧದಲ್ಲಿ ಮಿಗ್-21 ಯುದ್ಧವಿಮಾನ ಹಾರಿಸಿದ್ದರು. ಬಾಹ್ಯಾಕಾಶದಿಂದ ಬಂದ ಮೇಲೂ ಸುಮ್ನೆ ಕೂರಲಿಲ್ಲ, ವಿಮಾನ ತಯಾರಿಸುವ ಎಚ್‌ಎಎಲ್‌ನಲ್ಲಿ ಟೆಸ್ಟ್ ಪೈಲಟ್ ಆದರು. ಅಂದರೆ, ವಿಮಾನ ಎಲ್ಲಿ ಕೈಕೊಡುತ್ತೆ ಅಂತ ಮೊದಲು ತಾವೇ ಹಾರಿಸಿ ನೋಡುವ ಕೆಲಸ.