ಪರ-ವಿರೋಧ: ಪ್ರಾರ್ಥನೆಯಿಂದ ವಾಸಿಯಾದವರು ಸೇವೆಗೆ ನಿಲ್ಲಲೇಬೇಕಾ?

ಪರ

ಯೇಸುವಿನ ಶಿಷ್ಯ ಪೇತ್ರನ ಅತ್ತೆ ಕಪೆರ್ನೌಮ್ ಊರಿನ ಮನೆಯಲ್ಲಿ ಜ್ವರದಿಂದ ಮಲಗಿದ್ದಳು. ಯೇಸುಸ್ವಾಮಿ ಕೈ ಹಿಡಿದು ಎಬ್ಬಿಸಿದರು, ಜ್ವರ ಬಿಟ್ಟಿತು. ಆಮೇಲೆ ಆಕೆ ವಿಶ್ರಾಂತಿ ಅಂತ ಮತ್ತೆ ಮಲಗಿದಳಾ? ಎದ್ದವಳೇ ಎಲ್ಲರಿಗೂ ಉಪಚಾರ ಮಾಡಿದಳು. ಬೈಬಲಿನಲ್ಲಿ ಸುವಾರ್ತೆ ಬರೆದ ಮಾರ್ಕನು ಇದನ್ನು ಮೂರೇ ವಚನದಲ್ಲಿ ಹೇಳಿ ಮುಗಿಸಿದ್ದಾನೆ. ನನಗೆ ಅಷ್ಟು ಸಾಕು.

ಲೂಕನ ಸುವಾರ್ತೆಯ 17ನೇ ಅಧ್ಯಾಯದಲ್ಲಿ ಹತ್ತು ಮಂದಿ ಕುಷ್ಠರೋಗಿಗಳು ಶುದ್ಧರಾದರು. ಸ್ತೋತ್ರ ಹೇಳಲು ತಿರುಗಿ ಬಂದವನು ಒಬ್ಬನೇ, ಅವನೂ ಸಮಾರ್ಯದವನು, ಅಂದ್ರೆ ಅನ್ಯದೇಶದವನು. ಮಿಕ್ಕ ಒಂಬತ್ತು ಮಂದಿ ಎಲ್ಲಿ ಎಂದು ಯೇಸು ಕೇಳಿದರು. ಎಲ್ಲಿ ಅಂದ್ರೆ, ನಮ್ಮ ಸಭೆಯಲ್ಲೇ, ನಮ್ಮ ಚರ್ಚಿನಲ್ಲೇ ಇದ್ದಾರೆ! ಕಾಯಿಲೆ ಇದ್ದಾಗ ಉಪವಾಸ ಪ್ರಾರ್ಥನೆಗೆ ಮುಂದಿನ ಸಾಲು. ವಾಸಿಯಾದ ಮೇಲೆ ಕ್ರಿಸ್ಮಸ್ಸಿಗೆ ಹೊಸ ಬಟ್ಟೆ ಹಾಕಿಕೊಂಡು ಒಮ್ಮೆ ದರ್ಶನ.

ನಮ್ಮ ಚಿಕ್ಕಮ್ಮನ ವಿಷಯ ಹೇಳಲೇಬೇಕು. ಬೀದರಿನ ಮಂಗಲಪೇಟೆಯಲ್ಲಿ ಅವಳ ಮನೆ. ಹೊಟ್ಟೆ ಆಪರೇಷನ್ ಆದ ಮೇಲೆ ಗಾಯ ಕೀವು ತುಂಬಿ ಮಾಯಲೇ ಇಲ್ಲ. ಡಾಕ್ಟರು ಚಿಕ್ಕಪ್ಪನನ್ನು ಹೊರಗೆ ಕರೆದು ಮೆಲ್ಲಗೆ ಮಾತಾಡಿದರು. ಚರ್ಚಿನ ಅಯ್ಯನವರು ಬಂದು, ಬೈಬಲಿನ ಯಾಕೋಬನ ಪತ್ರಿಕೆಯಲ್ಲಿ ಇರುವ ಹಾಗೆ, ಎಣ್ಣೆ ಹಚ್ಚಿ ಪ್ರಾರ್ಥಿಸಿದರು. ಇಂಜೆಕ್ಷನ್ ಕೂಡ ನಡೆದೇ ಇತ್ತು, ಇಲ್ಲ ಅನ್ನಲ್ಲ. ಆದರೆ ಜ್ವರ ಇಳಿದದ್ದು ಆ ರಾತ್ರಿಯೇ.

ಈಗ ಪ್ರತಿ ಶುಕ್ರವಾರ ಚಿಕ್ಕಮ್ಮ ಜೋಳದ ಗಂಜಿ ಕಾಯಿಸಿಕೊಂಡು ಸರ್ಕಾರಿ ಆಸ್ಪತ್ರೆಗೆ ಹೊರಡುತ್ತಾಳೆ. ಸ್ಟೀಲ್ ಕ್ಯಾನಿನ ಮುಚ್ಚಳ ಸಡಿಲ. ಅದರ ಮೇಲೆ ಹಳೆ ಸೀರೆಯ ತುಂಡು ಬಿಗಿದು ಕಟ್ಟುತ್ತಾಳೆ, ಆಟೋದಲ್ಲಿ ಚೆಲ್ಲಬಾರದು ನೋಡಿ. ವಾರ್ಡಿನಲ್ಲಿ ಜೊತೆಗೆ ಯಾರೂ ಇಲ್ಲದ ರೋಗಿಯನ್ನು ಹುಡುಕಿ ಮೊದಲು ಅವರಿಗೆ ಹಾಕುತ್ತಾಳೆ. ಜಾತಿ, ಧರ್ಮ ಕೇಳಲ್ಲ. ನರ್ಸಮ್ಮಂದಿರು ಅವಳನ್ನು 'ಗಂಜಿ ಅಕ್ಕ' ಅಂತಲೇ ಕರೆಯುತ್ತಾರೆ. ಯಾದಗಿರಿಯ ಹೋಲ್ಸ್‌ಟನ್‌ನಂಥ ಮಿಷನ್ ಆಸ್ಪತ್ರೆಗಳು ಬಂದದ್ದೂ ಇಂಥ ಮನಸ್ಸಿನಿಂದಲೇ ಅಲ್ವಾ?

ಪ್ರಾರ್ಥಿಸಿಯೂ ವಾಸಿಯಾಗದವರ ಗತಿ ಏನು ಎಂದು ಕೆಲವರು ಕೇಳುತ್ತಾರೆ. ಅದು ಬೇರೆ ಚರ್ಚೆ. ಹಾಗೆ ಕೇಳುವವರು ಒಂದು ದಿನವಾದರೂ ಗಂಜಿ ಹೊತ್ತದ್ದನ್ನು ನಾನಂತೂ ನೋಡಿಲ್ಲ.

ವಿರೋಧ

ಈ ಕಡೆ ಬರೆಯಲು ಯಾರೂ ಸಿಗಲಿಲ್ಲವಂತೆ, ಸಂಪಾದಕರು ನನ್ನನ್ನು ಹಿಡಿದರು. ಸೇವೆ ಬೇಡ ಎಂದು ನಾನೂ ಹೇಳಲಾರೆ. ಸಾಲದ ಕಂತಿನ ಹಾಗೆ ವಸೂಲಿ ಮಾಡಬೇಡಿ ಅಂತಷ್ಟೇ.

ಪೇತ್ರನ ಅತ್ತೆಯ ಮಾತು ಬಿಡಿ. ಮನೆಗೆ ನೆಂಟರು ಬಂದರೆ ನಮ್ಮ ಕಡೆ ಯಾವ ಹೆಂಗಸು ತಾನೇ ಮಲಗಿರುತ್ತಾಳೆ? ಬೈಬಲಿನಲ್ಲೇ ಸೇನಾಪತಿ ನಾಮಾನನ ಕಥೆ ಓದಿ. ಪ್ರವಾದಿ ಎಲೀಷ ಹೇಳಿದಂತೆ ಯೊರ್ದನ್ ಹೊಳೆಯಲ್ಲಿ ಏಳು ಸಲ ಮುಳುಗಿದ, ಕುಷ್ಠ ಹೋಯಿತು. ಅವನು ಕೊಟ್ಟ ಕಾಣಿಕೆಯನ್ನು ಎಲೀಷ ಮುಟ್ಟಲಿಲ್ಲ. ಎಲೀಷನ ಆಳು ಗೇಹಜಿ ಹಿಂದಿನಿಂದ ಓಡಿ ಹೋಗಿ ಎರಡು ತಲಾಂತು (ಆಗಿನ ಕಾಲದ ತೂಕ) ಬೆಳ್ಳಿ, ಎರಡು ಜೊತೆ ಬಟ್ಟೆ ಇಸ್ಕೊಂಡ. ನಾಮಾನನ ಕುಷ್ಠ ಅವನಿಗೇ ಅಂಟಿತು. ಇನ್ನು ಅಪೊಸ್ತಲ ಪೌಲ. ಮೈಯಲ್ಲಿನ ಮುಳ್ಳು, ಅಂದ್ರೆ ತನ್ನನ್ನು ಕಾಡುತ್ತಿದ್ದ ಬಾಧೆ, ತೆಗೆ ಎಂದು ದೇವರನ್ನು ಮೂರು ಸಲ ಬೇಡಿದ, ಹೋಗಲಿಲ್ಲ. ಅವನಿಗಿಂತ ಜಾಸ್ತಿ ಸೇವೆ ಮಾಡಿದವರು ಯಾರಿದ್ದಾರೆ?

ಕಲಬುರಗಿಯಲ್ಲಿ ನನ್ನದೊಂದು ಮೆಡಿಕಲ್ ಶಾಪ್ ಇದೆ. ಫಿಟ್ಸ್ ಇದ್ದ ಹುಡುಗನೊಬ್ಬ ಪ್ರಾರ್ಥನಾ ಕೂಟದಲ್ಲಿ ಮೈಕ್ ಹಿಡಿದು, ನನಗೆ ಗುಣವಾಯಿತು ಎಂದು ಸಾಕ್ಷಿ ಹೇಳಿದ. ಅಂದಿನಿಂದ ಕುರ್ಚಿ ಹಾಕುವುದು, ಕರಪತ್ರ ಹಂಚುವುದು ಎಲ್ಲ ಅವನ ಪಾಲಿಗೆ ಬಂತು. ಮಾತ್ರೆ ನುಂಗಿದರೆ ಸಾಕ್ಷಿ ಸುಳ್ಳಾಗುತ್ತದಲ್ಲ, ನಿಲ್ಲಿಸಿಬಿಟ್ಟ. ಫಿಟ್ಸ್ ಮಾತ್ರೆ ಹಾಗೆ ಒಮ್ಮೆಲೇ ನಿಲ್ಲಿಸಬಾರದು, ಮತ್ತೆ ಜೋರಾಗಿ ಬರಬಹುದು. ಬಂತು. ಈಗ ಅವನ ತಾಯಿ ನಾನು ಶಟರ್ ಎಳೆಯುವ ಹೊತ್ತಿಗೆ ಬರುತ್ತಾಳೆ. ಸ್ಟ್ರಿಪ್ ಕಾಣದ ಹಾಗೆ ಪೇಪರಿನಲ್ಲಿ ಸುತ್ತಿ ಕೊಡಣ್ಣ ಅನ್ನುತ್ತಾಳೆ.

ಮನಸ್ಸಾರೆ ದುಡಿಯುವವರ ಮೇಲೆ ನನಗೆ ತಕರಾರಿಲ್ಲ. ನವೆಂಬರಿನಲ್ಲಿ ತೆಲಂಗಾಣದ ಧಾರೂರಿನಲ್ಲಿ ಮೆಥೊಡಿಸ್ಟ್ ಚರ್ಚಿನ ಜಾತ್ರೆಗೆ ಹೋದಾಗ ನಾನೂ ಅನ್ನ ಬಡಿಸುತ್ತೇನೆ. ನನಗೆ ಯಾವ ಕಾಯಿಲೆಯೂ ವಾಸಿಯಾಗಿಲ್ಲ, ಶುಗರ್ ಹಾಗೇ ಇದೆ.